ಉಪ್ಪು, ಸಕ್ಕರೆ ಮತ್ತು ತಿರುಗುವ ಬೊಗಸೆ

(ಕಾಲೇಜು ವಿದ್ಯಾರ್ಥಿಗಳೂ ಊರಿನ ಹಿರಿಯರೂ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ.)

ನನ್ನ ಕೈಯಲ್ಲಿರುವ ಈ ಪೊಟ್ಟಣವನ್ನು ನೀವೆಲ್ಲರೂ ನೋಡಿರುತ್ತೀರಿ. ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಔಷಧಿ ಅಂಗಡಿಯಲ್ಲಿ ಸಿಗುವ, ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಓಆರ್‌ಎಸ್ ಇದು. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುತ್ತೇನೆ. ಒಂದು ಲೀಟರ್ ನೀರಿಗೆ ಸೋಡಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪು, 2.6 ಗ್ರಾಂ. ಗ್ಲೂಕೋಸ್ 13.5 ಗ್ರಾಂ. ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ. ಸೋಡಿಯಂ ಸಿಟ್ರೇಟ್ 2.9 ಗ್ರಾಂ. ತೂಕದಲ್ಲಿ ನೋಡಿದರೆ ಇದು ಯಾರೋ ಅಂದಾಜಿಗೆ ಬೆರೆಸಿದ ಪುಡಿಯಂತೆ ಕಾಣುತ್ತದೆ. ತೂಕ ಬಿಟ್ಟು ಕಣಗಳನ್ನು ಎಣಿಸಿ; ಆ ಎಣಿಕೆಯ ಅಳತೆಗೆ ಮಿಲಿಮೋಲ್ ಎನ್ನುತ್ತಾರೆ. ಲೀಟರಿಗೆ ಸೋಡಿಯಂ 75 ಮಿಲಿಮೋಲ್, ಗ್ಲೂಕೋಸೂ 75 ಮಿಲಿಮೋಲ್. ಒಂದು ಗ್ಲೂಕೋಸ್ ಅಣುವಿಗೆ ಸರಿಯಾಗಿ ಒಂದು ಸೋಡಿಯಂ. ಹೀಗೆ ಎರಡನ್ನೂ ಜೊತೆಯಾಗಿ ಬೆರೆಸಲು ಕಾರಣ ನಮ್ಮ ಸಣ್ಣ ಕರುಳಿನ ಒಳಗೋಡೆಯಲ್ಲಿರುವ ಒಂದು ಪ್ರೋಟೀನು. ಈ ದಿನದ ನನ್ನ ಮಾತು ಅದರ ಬಗ್ಗೆ, ಅದು ಆಕಾರ ಬದಲಿಸುವ ಬಗೆಯ ಬಗ್ಗೆ.

ಮೊದಲು ಪೊರೆಯ ವಿಷಯ. ಪ್ರತಿ ಜೀವಕೋಶದ ಸುತ್ತ ಕೊಬ್ಬಿನ ತೆಳುವಾದ ಪೊರೆಯಿದೆ. ದಪ್ಪ ಸುಮಾರು 5 ನ್ಯಾನೋಮೀಟರ್. ಇಷ್ಟು ತೆಳುವಾದರೂ ಸಕ್ಕರೆ, ಉಪ್ಪಿನಂತಹ ನೀರಿನಲ್ಲಿ ಕರಗುವ ಪದಾರ್ಥಗಳಿಗೆ ಅದು ಕಲ್ಲಿನ ಗೋಡೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ ಎಂಬುದು ಉಪ್ಪಿನಕಾಯಿ ಹಾಕುವವರಿಗೆಲ್ಲ ಗೊತ್ತು. ಹಾಗಿದ್ದರೆ ಊಟದ ಸಕ್ಕರೆ ಒಳಗೆ ಹೋಗುವುದು ಹೇಗೆ?

ಇದಕ್ಕೆ ನಾವು ಶಾಲೆಯಲ್ಲಿ ಬಿಡಿಸಿದ ಚಿತ್ರ ನಿಮಗೂ ನೆನಪಿರಬಹುದು. ಪೊರೆಯಲ್ಲಿ ಒಂದು ಕೊಳವೆ, ಕೊಳವೆಯೊಳಗೆ ಒಂದು ಬಾಣದ ಗುರುತು. ವರ್ಷಗಟ್ಟಲೆ ಪಾಠ ಹೇಳಿದ ಮೇಲೆ ನನಗೆ ಅನ್ನಿಸುವುದೆಂದರೆ, ಆ ಚಿತ್ರ ಮಕ್ಕಳ ತಲೆಯಲ್ಲಿ ಬಿತ್ತುವ ತಪ್ಪನ್ನು ಕಿತ್ತುಹಾಕಲು ಆಮೇಲೆ ಬಹಳ ಕಷ್ಟಪಡಬೇಕಾಗುತ್ತದೆ. ಕೊಳವೆಯಂತಹ ಪ್ರೋಟೀನುಗಳು ಇವೆ, ನಿಜ. ಅವನ್ನು ಚಾನೆಲ್ ಎನ್ನುತ್ತೇವೆ. ಅವು ಕೆರೆಯ ತೂಬಿನ ಹಾಗೆ: ಎತ್ತಿದರೆ ಹರಿಯುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಸೆಕೆಂಡಿಗೆ ಕೋಟಿಗಟ್ಟಲೆ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ದಾಟುತ್ತವೆ. ಆದರೆ ತೂಬಿನಿಂದ ನೀರು ಇಳಿಜಾರಿಗಷ್ಟೇ ಹರಿದೀತು. ಕೆಳಗಿನ ಗದ್ದೆಯ ನೀರು ತೂಬಿನ ಮೂಲಕ ಕೆರೆಗೆ ಏರಿ ಬರುವುದಿಲ್ಲ. ಕರುಳಿನ ಕೋಶ ಮಾಡಬೇಕಾದದ್ದು ಆ ಏರಿಸುವ ಕೆಲಸವನ್ನೇ. ಊಟವಾಗಿ ಕೆಲವು ಗಂಟೆ ಕಳೆದ ಮೇಲೆ ಕರುಳಿನಲ್ಲಿ ಸಕ್ಕರೆ ವಿರಳವಾಗಿರುತ್ತದೆ, ಕೋಶದೊಳಗೆ ಹೆಚ್ಚಿರುತ್ತದೆ. ಆಗಲೂ ಕೊನೆಯ ಕಣದವರೆಗೂ ಬಳಿದು ಒಳಗೆ ತೆಗೆದುಕೊಳ್ಳಬೇಕು. ಅಲ್ಲಿ ಬರಿಯ ರಂಧ್ರವಿದ್ದರೆ ಒಳಗಿನ ಸಕ್ಕರೆಯೇ ಹೊರಗೆ ಸೋರಿಹೋದೀತು.

ಹಿಂದಿನ ವಿಜ್ಞಾನಿಗಳು ದೋಣಿಯನ್ನು ಕಲ್ಪಿಸಿಕೊಂಡಿದ್ದರು. ಈ ದಡದಲ್ಲಿ ಸಕ್ಕರೆಯನ್ನು ಹತ್ತಿಸಿಕೊಂಡು ಆ ದಡಕ್ಕೆ ಈಜಿಹೋಗಿ ಇಳಿಸಿ ಬರುವ ಯಾವುದೋ ವಾಹಕ ಪೊರೆಯಲ್ಲಿದೆ ಎಂದುಕೊಂಡಿದ್ದರು. ಆದರೆ ಇಷ್ಟು ದೊಡ್ಡ ಪ್ರೋಟೀನು ಪೊರೆಯ ಕೊಬ್ಬಿನೊಳಗೆ ತಲೆಕೆಳಗಾಗಿ ಮಗುಚುತ್ತ ಓಡಾಡುವುದು ಸಾಧ್ಯವಿಲ್ಲ. 1966ರಲ್ಲಿ ಓಲೆಗ್ ಜಾರ್ಡೆಟ್ಸ್ಕಿ ಎಂಬವರು ನೇಚರ್ ಪತ್ರಿಕೆಯಲ್ಲಿ ಎರಡು ಪುಟ ಮೀರದ ಒಂದು ಲೇಖನ ಬರೆದರು. ಅದರಲ್ಲಿ ಯಾವ ಹೊಸ ಪ್ರಯೋಗವೂ ಇಲ್ಲ, ಯೋಚನೆ ಮಾತ್ರ ಇದೆ. ಪ್ರೋಟೀನು ಇದ್ದಲ್ಲೇ ಇರಲಿ. ಅದರ ನಡುವೆ ಒಂದು ಕುಳಿಯಿರಲಿ. ಆ ಕುಳಿ ಒಮ್ಮೆ ಹೊರಗೆ, ಒಮ್ಮೆ ಒಳಗೆ ತೆರೆದುಕೊಳ್ಳುವಂತೆ ಪ್ರೋಟೀನು ಎರಡು ಆಕಾರಗಳನ್ನು ತಾಳಲಿ. ಒಂದು ಆಕಾರದಲ್ಲಿ ಕುಳಿಯ ಹಿಡಿತ ಬಿಗಿಯಾಗಿರಲಿ, ಇನ್ನೊಂದರಲ್ಲಿ ಸಡಿಲವಾಗಿರಲಿ. ಇಷ್ಟಿದ್ದರೆ ಸಾಕು, ಪಂಪು ತಯಾರು ಎಂದರು. ಆಗ ಇಂತಹ ಒಂದು ಪ್ರೋಟೀನಿನ ಆಕಾರವನ್ನೂ ಯಾರೂ ಕಂಡಿರಲಿಲ್ಲ. ಕಾಣದ ವಸ್ತುವಿನ ನಡವಳಿಕೆಯನ್ನು ಇಷ್ಟು ಸರಿಯಾಗಿ ಹೇಳಿದ ಬರಹಗಳು ಜೀವವಿಜ್ಞಾನದಲ್ಲಿ ವಿರಳ. ಅದನ್ನು ಓದಿದಾಗಲೆಲ್ಲ ನನಗೆ ಗೌರವ ಮೂಡುತ್ತದೆ.

ಈಗ ಎಲ್ಲರೂ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ. ನಾಚಿಕೆ ಬೇಡ, ಹಿರಿಯರೂ ಮಾಡಿ. ಅಂಗೈಗಳು ಒಂದಕ್ಕೊಂದು ಎದುರಾಗಿರಲಿ, ಮಣಿಕಟ್ಟುಗಳು ಕೂಡಿರಲಿ, ಬೆರಳುಗಳು ಮೇಲ್ಮುಖವಾಗಿ ಅಗಲವಾಗಿರಲಿ. ತೀರ್ಥಕ್ಕೆ ಒಡ್ಡಿದ ಬೊಗಸೆಯ ಹಾಗೆ. ಇದು ಹೊರಗೆ ತೆರೆದಿರುವ ಪ್ರೋಟೀನು. ಅಂಗೈ ನಡುವೆ ಒಂದು ನಿಂಬೆಹಣ್ಣು ಬಿತ್ತು ಎಂದುಕೊಳ್ಳಿ. ಈಗ ಬೆರಳ ತುದಿಗಳನ್ನು ಕೂಡಿಸಿ, ಮಣಿಕಟ್ಟನ್ನು ಮಾತ್ರ ಇನ್ನೂ ಬಿಡಬೇಡಿ. ನಿಂಬೆಹಣ್ಣು ಎರಡೂ ಕಡೆಯಿಂದ ಬಂದಿಯಾಯಿತು. ಈ ಕ್ಷಣವನ್ನು ಗಮನದಲ್ಲಿಡಿ, ಇದೇ ಮುಖ್ಯ. ಇನ್ನು ಬೆರಳ ತುದಿ ಬಿಗಿಹಿಡಿದೇ ಮಣಿಕಟ್ಟುಗಳನ್ನು ಅಗಲಿಸಿ. ಹಣ್ಣು ಕೆಳಗೆ ಜಾರಿತು. ಯಾವ ಗಳಿಗೆಯಲ್ಲೂ ಮೇಲೂ ಕೆಳಗೂ ಒಟ್ಟಿಗೆ ತೆರೆದಿರಲಿಲ್ಲ. ಅಂತಹ ಗಳಿಗೆಯೊಂದು ಬಂದಿದ್ದರೆ ನಿಮ್ಮ ಬೊಗಸೆ ತೂಬಾಗಿಬಿಡುತ್ತಿತ್ತು.

ಈ ಬೊಗಸೆ ಬರಿಯ ಹೋಲಿಕೆಯಲ್ಲ. ಕೆಂಪು ರಕ್ತಕಣಗಳಿಗೆ ಗ್ಲೂಕೋಸ್ ಒದಗಿಸುವ ಗ್ಲೂಟ್ 1 ಎಂಬ ಪ್ರೋಟೀನು ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತದೆ. ಎರಡು ಅರ್ಧಗಳು ಎದುರುಬದುರು ನಿಂತು ನಡುವಿನ ಕುಳಿಯ ಸುತ್ತ ತೂಗುತ್ತವೆ. ಸೆಕೆಂಡಿಗೆ ಸುಮಾರು ಸಾವಿರ ಗ್ಲೂಕೋಸ್ ಅಣುಗಳನ್ನು ದಾಟಿಸಬಲ್ಲವು. 2014ರಲ್ಲಿ ಬೀಜಿಂಗ್‌ನ ಚಿಂಗ್ಹುವಾ ವಿಶ್ವವಿದ್ಯಾಲಯದ ನಿಯೆಂಗ್ ಯಾನ್ ಅವರ ತಂಡ ಅದರ ಆಕಾರವನ್ನು ತೋರಿಸಿತು. ಅದಕ್ಕೂ ಮೊದಲು ಬ್ಯಾಕ್ಟೀರಿಯಾದ ಹಾಲುಸಕ್ಕರೆ ಸಾಗಿಸುವ ಲ್ಯಾಕ್‌ವೈ ಪ್ರೋಟೀನಿನ ರಚನೆ 2003ರಲ್ಲಿ ಬಂದಿತ್ತು. ಅದರ ಹಿಂದೆ ರೊನಾಲ್ಡ್ ಕಬಾಕ್ ಎಂಬ ಅಮೆರಿಕದ ವಿಜ್ಞಾನಿಯ ಜೀವಮಾನದ ದುಡಿಮೆಯಿದೆ. ಆ ಪ್ರೋಟೀನಿನ ಸರಪಳಿಯಲ್ಲಿ ಮಣಿಗಳಂತೆ 417 ಅಮೈನೋ ಆಮ್ಲಗಳಿವೆ. ಕಬಾಕ್ ತಂಡ ಅವುಗಳಲ್ಲಿ ಹೆಚ್ಚುಕಡಿಮೆ ಪ್ರತಿಯೊಂದನ್ನೂ, ಒಂದಾದ ಮೇಲೊಂದರಂತೆ, ಸಿಸ್ಟೀನ್ ಎಂಬ ಬೇರೆ ಅಮೈನೋ ಆಮ್ಲಕ್ಕೆ ಬದಲಿಸಿತು. ಹಾಗೆ ಬದಲಿಸಿದ ಪ್ರತಿ ಪ್ರೋಟೀನನ್ನೂ ಪರೀಕ್ಷಿಸಿತು: ಇದು ಇನ್ನೂ ಸಕ್ಕರೆ ಸಾಗಿಸುತ್ತದೆಯೇ? ಈ ಜಾಗ ಯಾವಾಗ ತೆರೆದಿರುತ್ತದೆ, ಯಾವಾಗ ಮುಚ್ಚಿರುತ್ತದೆ? ಒಂದು ದೊಡ್ಡ ಮನೆಯ ಗೋಡೆಗಳನ್ನು ಕತ್ತಲಲ್ಲಿ ಇಟ್ಟಿಗೆ ಇಟ್ಟಿಗೆಯಾಗಿ ತಡವಿ ಬಾಗಿಲು ಎಲ್ಲಿದೆ ಎಂದು ಕಂಡುಕೊಂಡ ಹಾಗೆ. ಇಂತಹ ತಾಳ್ಮೆಯ ಕೆಲಸಕ್ಕೆ ಸುದ್ದಿಯ ಮೆರುಗು ಇರುವುದಿಲ್ಲ. ನನಗೆ ಅದರ ಮೇಲೆ ವಿಶೇಷ ಅಭಿಮಾನ.

ಎಲ್ಲ ಸಾಗಣೆ ಪ್ರೋಟೀನುಗಳೂ ಬೊಗಸೆಯಂತೆ ತಿರುಗುವುದಿಲ್ಲ. ನರಗಳ ಸಂದೇಶವಾಹಕವಾದ ಗ್ಲುಟಮೇಟನ್ನು ಸಾಗಿಸುವ ಕುಟುಂಬದವು ಲಿಫ್ಟಿನ ಹಾಗೆ. ಪ್ರೋಟೀನಿನ ಒಂದು ಭಾಗ ಪೊರೆಯಲ್ಲಿ ಊರಿ ನಿಲ್ಲುತ್ತದೆ, ಇನ್ನೊಂದು ಭಾಗ ಸರಕನ್ನು ಕಂಕುಳಲ್ಲಿ ಇಟ್ಟುಕೊಂಡು ಸುಮಾರು ಒಂದೂವರೆ ನ್ಯಾನೋಮೀಟರ್ ಕೆಳಗೆ ಜಾರುತ್ತದೆ. ಒಂದೂವರೆ ನ್ಯಾನೋಮೀಟರ್ ಎಂದು ಹಗುರಾಗಿ ನೋಡಬೇಡಿ, ಪೊರೆಯ ದಪ್ಪವೇ 5 ಅಲ್ಲವೇ.

ಪೊಟ್ಟಣದ ಹಿಂದಿನ ಗುಟ್ಟಾದ ಕರುಳಿನ ಪ್ರೋಟೀನಿಗೆ ಬರೋಣ. ಹೆಸರು ಎಸ್‌ಜಿಎಲ್‌ಟಿ 1. ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿ ಸಾಗಿಸುವುದರಿಂದ ಆ ಹೆಸರು. 664 ಅಮೈನೋ ಆಮ್ಲಗಳ ಸರಪಳಿ ಪೊರೆಯನ್ನು 14 ಬಾರಿ ಸುರುಳಿಯಾಗಿ ಹಾಯುತ್ತದೆ. ಇಲ್ಲಿ ಒಂದು ಕೈ ಹೆಚ್ಚುಕಡಿಮೆ ನಿಶ್ಚಲ, ಇನ್ನೊಂದು ಕೈ ಅದರೆದುರು ವಾಲುತ್ತದೆ. ಅದರ ಸ್ವಭಾವದಲ್ಲಿ ಒಂದು ನಿಷ್ಠುರತೆಯಿದೆ. ಗ್ಲೂಕೋಸ್ ಒಂದೇ ಬಂದರೆ ತಿರುಗುವುದಿಲ್ಲ. ಸೋಡಿಯಂ ಮಾತ್ರ ಬಂದರೂ ಹೆಚ್ಚುಕಡಿಮೆ ತಿರುಗುವುದಿಲ್ಲ. ಎರಡು ಸೋಡಿಯಂ ಅಯಾನುಗಳು ಮೊದಲು ಬಂದು ಕೂರಬೇಕು. ಅವು ಕೂತ ಮೇಲೆಯೇ ಗ್ಲೂಕೋಸಿನ ಕುಳಿ ಹದಕ್ಕೆ ಬರುತ್ತದೆ. ಗ್ಲೂಕೋಸ್ ಒಳಸೇರಿದ ಮೇಲೆ ಹೊರಬಾಗಿಲು ಮುಚ್ಚುತ್ತದೆ, ಮೂವರೂ ಕ್ಷಣಕಾಲ ಬಂದಿ, ಆಮೇಲೆ ಒಳಬಾಗಿಲು ತೆರೆಯುತ್ತದೆ. ಕೋಶದೊಳಗೆ ಸೋಡಿಯಂ ಬಹಳ ಕಡಿಮೆ. ಹೊರಗೆ ಲೀಟರಿಗೆ 140 ಮಿಲಿಮೋಲ್ ಇದ್ದರೆ ಒಳಗೆ ಅದರ ಹತ್ತನೇ ಒಂದು ಪಾಲಿನಷ್ಟು. ಹಾಗಾಗಿ ಒಳಗೆ ಕಳಚಿಕೊಂಡ ಸೋಡಿಯಂ ಮತ್ತೆ ಬಂದು ಕೂರುವುದು ಅಪರೂಪ. ಸೋಡಿಯಂ ಹೋದರೆ ಗ್ಲೂಕೋಸಿನ ಹಿಡಿತವೂ ಸಡಿಲ. ಬರಿದಾದ ಪ್ರೋಟೀನು ಮತ್ತೆ ಹೊರಮುಖವಾಗಿ ತಿರುಗುತ್ತದೆ.

ಈ ನಿಷ್ಠುರತೆ ಏಕೆ ಬೇಕು ಎಂದು ಯೋಚಿಸಿ. ಸೋಡಿಯಂ ಒಳಗೆ ನುಗ್ಗಲು ಸದಾ ಒತ್ತಿನಿಂತಿರುತ್ತದೆ. ಆ ಒತ್ತಡವೇ ಕೋಶದ ಬಂಡವಾಳ. ಸೋಡಿಯಂ ಒಂಟಿಯಾಗಿ ಬಂದಾಗಲೂ ಪ್ರೋಟೀನು ತಿರುಗುತ್ತಿದ್ದರೆ ಬಂಡವಾಳ ಸುಮ್ಮನೆ ಸೋರುತ್ತಿತ್ತು, ಸಕ್ಕರೆ ಒಂದು ಕಣವೂ ಏರುತ್ತಿರಲಿಲ್ಲ. ಒಟ್ಟಿಗೆ ಬಂದರಷ್ಟೇ ದಾರಿ ಎಂಬ ಕಟ್ಟಳೆಯಿಂದಾಗಿ ಇಳಿಯುವ ಸೋಡಿಯಂ ಏರುವ ಗ್ಲೂಕೋಸನ್ನು ಎಳೆದುಕೊಂಡು ಹೋಗುತ್ತದೆ. ಇದನ್ನು ಮೊದಲು ಹೇಳಿದವರು ರಾಬರ್ಟ್ ಕ್ರೇನ್, 1960ರ ಆಗಸ್ಟ್‌ನಲ್ಲಿ, ಪ್ರಾಗ್ ನಗರದ ವಿಚಾರ ಸಂಕಿರಣವೊಂದರಲ್ಲಿ.

ಹಾಗಾದರೆ ಆ ಬಂಡವಾಳವನ್ನು ಕೂಡಿಡುವವರು ಯಾರು? ಕೋಶದ ಇನ್ನೊಂದು ಬದಿಯಲ್ಲಿ, ರಕ್ತದ ಕಡೆಗೆ, ಸೋಡಿಯಂ-ಪೊಟ್ಯಾಸಿಯಂ ಪಂಪು ಇದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ಕಾಲಿನ ನರಗಳಲ್ಲಿ ಅದನ್ನು ಕಂಡುಹಿಡಿದರು. ನಲವತ್ತು ವರ್ಷಗಳ ನಂತರ, 1997ರಲ್ಲಿ, ನೊಬೆಲ್ ಪಡೆದರು. ಈ ಪಂಪು ಕೋಶದ ಇಂಧನವಾದ ಎಟಿಪಿಯ ಒಂದು ಅಣುವನ್ನು ಖರ್ಚುಮಾಡಿ ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಅದೂ ಬಾಗಿಲುಗಳನ್ನು ಸರದಿಯಂತೆ ತೆರೆಯುವ ಪ್ರೋಟೀನೇ. ವ್ಯತ್ಯಾಸವೆಂದರೆ ಎಟಿಪಿಯ ಫಾಸ್ಫೇಟ್ ತುಂಡು ಅದರ ಮೈಗೆ ಅಂಟಿಕೊಂಡು ಅದನ್ನು ತಿರುಗಿಸುತ್ತದೆ. ನೀವು ಸುಮ್ಮನೆ ಕುಳಿತು ನನ್ನ ಮಾತು ಕೇಳುತ್ತಿರುವ ಈ ಹೊತ್ತಿನಲ್ಲಿ ನಿಮ್ಮ ದೇಹದ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಈ ಪಂಪಿಗೇ ಹೋಗುತ್ತಿದೆ.

ಇನ್ನು ಕಾಲರಾ. ನನ್ನ ಅಜ್ಜಿ ಹೆತ್ತ ಮಕ್ಕಳಲ್ಲಿ ಇಬ್ಬರು ವಾಂತಿಭೇದಿಯಲ್ಲಿ ಹೋದರು. ಅವರ ಹೆಸರುಗಳನ್ನು ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದಳು. ‘ನೀರು ಕೊಟ್ಟರೆ ಇನ್ನೂ ಹೋಗುತ್ತದೆ’ ಎಂದು ಹಿರಿಯರು ಹೇಳಿದರಂತೆ, ಕೊಡಲಿಲ್ಲವಂತೆ. ಆ ಕಾಲದ ಹಿರಿಯರನ್ನು ದೂರುವ ಮನಸ್ಸು ನನಗಿಲ್ಲ, ವೈದ್ಯರಲ್ಲೂ ಅನೇಕರು ಹಾಗೆಯೇ ತಿಳಿದಿದ್ದರು. ಬರಿಯ ನೀರು ಕುಡಿಸಿದರೆ ನಿಜವಾಗಿಯೂ ಅಷ್ಟಾಗಿ ಉಪಯೋಗವಾಗುತ್ತಿರಲಿಲ್ಲ. ಕಾಲರಾ ವಿಷ ಕರುಳಿನ ಕೋಶದ ಕ್ಲೋರೈಡ್ ತೂಬನ್ನು ತೆರೆದು ಹಾಗೆಯೇ ಬಿಟ್ಟುಬಿಡುತ್ತದೆ. ಉಪ್ಪು ಹೊರಗೆ ಹರಿಯುತ್ತದೆ, ಅದರ ಹಿಂದೆ ನೀರು ಹರಿಯುತ್ತದೆ. ಆದರೆ ಆ ವಿಷ ಎಸ್‌ಜಿಎಲ್‌ಟಿ 1ನ್ನು ಮುಟ್ಟುವುದಿಲ್ಲ. ರೋಗಿ ಕಣ್ಣು ಗುಳಿಬಿದ್ದು ಮಲಗಿರುವಾಗಲೂ ಅವನ ಕರುಳಿನಲ್ಲಿ ಕೋಟ್ಯಂತರ ಬೊಗಸೆಗಳು ಹೊರಮುಖವಾಗಿ ತೆರೆದು ಕಾಯುತ್ತಿರುತ್ತವೆ. ಉಪ್ಪು ಬೇಕಾದಷ್ಟು ಬರುತ್ತಿದೆ, ಗ್ಲೂಕೋಸ್ ಮಾತ್ರ ಬರುತ್ತಿಲ್ಲ. ಗ್ಲೂಕೋಸ್ ಕೊಟ್ಟರೆ ಅವು ತಿರುಗತೊಡಗುತ್ತವೆ. ಸೋಡಿಯಂ ಒಳಗೆ ಹೋಗುತ್ತದೆ, ಸಕ್ಕರೆ ಒಳಗೆ ಹೋಗುತ್ತದೆ, ಇವೆರಡರ ಹಿಂದೆ ನೀರೂ ಒಳಗೆ ಹೋಗುತ್ತದೆ. ಭೇದಿ ಕೂಡಲೇ ನಿಲ್ಲುವುದಿಲ್ಲ. ಆದರೆ ಹೋದಷ್ಟು ನೀರು ಮರಳಿ ಬರುತ್ತದೆ, ಮನುಷ್ಯ ಬದುಕುತ್ತಾನೆ.

1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಇಬ್ಬರು ತರುಣ ವೈದ್ಯರು ಕಾಲರಾ ರೋಗಿಗಳ ಮೇಲೆ ಇದನ್ನು ತೋರಿಸಿಕೊಟ್ಟರು. ದೊಡ್ಡ ಪರೀಕ್ಷೆ ಬಂದದ್ದು 1971ರಲ್ಲಿ. ಬಾಂಗ್ಲಾ ಯುದ್ಧದ ನಿರಾಶ್ರಿತರು ಲಕ್ಷಗಟ್ಟಲೆ ಗಡಿ ದಾಟಿ ಬಂದಿದ್ದರು, ಪಶ್ಚಿಮ ಬಂಗಾಳದ ಬನಗಾಂವ್ ಆಸ್ಪತ್ರೆಯ ನೆಲದ ಮೇಲೆಲ್ಲ ಕಾಲರಾ ರೋಗಿಗಳು ಮಲಗಿದ್ದರು. ಡ್ರಿಪ್ ಹಾಕಲು ಸಲೈನ್ ಬಾಟಲಿಗಳು ಮುಗಿಯುತ್ತ ಬಂದವು. ಕಲ್ಕತ್ತೆಯ ಡಾ. ದಿಲೀಪ್ ಮಹಾಲನಬೀಸ್ ಆಗ ಒಂದು ನಿರ್ಧಾರ ಮಾಡಿದರು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡ ಎಂಬ ಲೆಕ್ಕದಲ್ಲಿ ಪುಡಿ ಅಳೆದು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಬಿಸಿ ಇಸ್ತ್ರಿಯಿಂದ ಬಾಯಿ ಮುಚ್ಚಿ ಕಳಿಸಿದರು. ಅಲ್ಲಿ ಪೀಪಾಯಿಗಳಲ್ಲಿ ನೀರಿಗೆ ಬೆರೆಸಿದರು. ಕುಡಿಸಿದವರು ರೋಗಿಗಳ ತಾಯಂದಿರು, ಅಣ್ಣಂದಿರು, ಗಂಡಂದಿರು. ಸಾವಿನ ಪ್ರಮಾಣ ಶೇಕಡ 30ರ ಆಸುಪಾಸಿನಿಂದ ಶೇಕಡ 3.6ಕ್ಕೆ ಇಳಿಯಿತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಹೋದ ಮೇಲೆ. ಬದುಕಿದ್ದಾಗಲೇ ಬರಬೇಕಾಗಿತ್ತು ಎಂದು ನಾನು ಎಲ್ಲ ಸಭೆಗಳಲ್ಲೂ ಹೇಳುತ್ತೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಆಗ ಎಸ್‌ಜಿಎಲ್‌ಟಿ 1ರ ಮುಖವನ್ನು ಯಾರೂ ನೋಡಿರಲಿಲ್ಲ. ಅದರ ಜೀನ್ ಸಿಕ್ಕಿದ್ದು 1987ರಲ್ಲಿ. 2008ರಲ್ಲಿ ಅದರ ಬ್ಯಾಕ್ಟೀರಿಯಾ ಸೋದರನೊಂದರ ರಚನೆ ಬಂತು. ಯಾವ ಬ್ಯಾಕ್ಟೀರಿಯಾ ಗೊತ್ತೇ? ವಿಬ್ರಿಯೋ ಪ್ಯಾರಾಹೀಮೋಲಿಟಿಕಸ್, ಕಾಲರಾ ರೋಗಾಣುವಿನ ಹತ್ತಿರದ ಬಳಗ. ಆ ರಚನೆಯಲ್ಲಿ ಒಂದು ಸೊಗಸಿದೆ. ಐದು ಸುರುಳಿಗಳ ಒಂದು ಕಟ್ಟು, ಅದೇ ಕಟ್ಟು ಮತ್ತೊಮ್ಮೆ ತಲೆಕೆಳಗಾಗಿ. ಒಂದು ಅಂಗೈ ಮೇಲ್ಮುಖ, ಇನ್ನೊಂದು ಕೆಳಮುಖವಾಗಿ ಹೆಣೆದ ಹಾಗೆ. ಮೊದಲ ಕಟ್ಟಿನ ಭಂಗಿಯನ್ನು ಎರಡನೆಯದು ತಾಳಿ, ಎರಡನೆಯದರ ಭಂಗಿಯನ್ನು ಮೊದಲನೆಯದು ತಾಳಿದರೆ ಹೊರಗೆ ತೆರೆದಿದ್ದ ಪ್ರೋಟೀನು ಒಳಗೆ ತೆರೆದುಕೊಳ್ಳುತ್ತದೆ. ತಿರುಗುವ ಗುಟ್ಟು ಕಟ್ಟುವ ಕ್ರಮದಲ್ಲೇ ಅಡಗಿದೆ. ಈಚಿನ ವರ್ಷಗಳಲ್ಲಿ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಮನುಷ್ಯರ ಎಸ್‌ಜಿಎಲ್‌ಟಿ 1ರ ಚಿತ್ರಗಳೂ ಬಂದಿವೆ. ನಮ್ಮ ಬೆಂಗಳೂರಿನಲ್ಲೂ ಅಂತಹ ಸೂಕ್ಷ್ಮದರ್ಶಕಗಳಿವೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರಸಂದೇಶಗಳ ಸಾಗಣೆ ಪ್ರೋಟೀನುಗಳ ರಚನೆಯನ್ನು ಬಿಡಿಸುವವರಿದ್ದಾರೆ. ಇಲ್ಲಿರುವ ವಿದ್ಯಾರ್ಥಿಗಳು ಇದನ್ನು ದೂರದ ದೇಶದ ಕೆಲಸ ಎಂದು ತಿಳಿಯಬಾರದು.

ಬೊಗಸೆ ತಿರುಗದೆ ಹೋದರೆ ಏನಾಗುತ್ತದೆ? 1991ರಲ್ಲಿ ಇಬ್ಬರು ಅಕ್ಕತಂಗಿಯರಲ್ಲಿ ಇದರ ಉತ್ತರ ಸಿಕ್ಕಿತು. ಹುಟ್ಟಿದಾಗಿನಿಂದ ಹಾಲು ಕುಡಿದರೆ ಸಾಕು, ನಿಲ್ಲದ ಭೇದಿ. ಎಸ್‌ಜಿಎಲ್‌ಟಿ 1ರ 28ನೇ ಅಮೈನೋ ಆಮ್ಲ ಒಂದೇ ಒಂದು ಬದಲಾಗಿತ್ತು. ಇಂತಹ ಮಕ್ಕಳಿಗೆ ತಾಯಿಯ ಹಾಲೇ ಅಪಾಯ, ಓಆರ್‌ಎಸ್ ಕೂಡ ಅಪಾಯ. ಹಾಲುಸಕ್ಕರೆಯಲ್ಲಿರುವ ಗ್ಲೂಕೋಸ್, ಗ್ಯಾಲಕ್ಟೋಸ್ ಎರಡನ್ನೂ ಬಿಟ್ಟು ಬೇರೆ ದಾರಿಯಿಂದ ಹೋಗುವ ಹಣ್ಣಿನ ಸಕ್ಕರೆ ಫ್ರಕ್ಟೋಸ್ ಕೊಟ್ಟರೆ ಮಗು ಬೆಳೆಯುತ್ತದೆ. ಬಹಳ ಅಪರೂಪದ ಕಾಯಿಲೆ, ಆದರೆ ಮಕ್ಕಳ ವೈದ್ಯರಿಗೆ ಗೊತ್ತಿರಬೇಕಾದದ್ದು.

ಬೇಕೆಂದೇ ತಿರುಗದಂತೆ ಮಾಡುವುದೂ ಉಂಟು. ಸೇಬು ಮರದ ತೊಗಟೆಯಿಂದ 1835ರಲ್ಲಿ ಫ್ಲೋರೈಜಿನ್ ಎಂಬ ಪದಾರ್ಥ ತೆಗೆದರು. ಅದನ್ನು ತಿಂದ ಪ್ರಾಣಿಯ ಮೂತ್ರದಲ್ಲಿ ಸಕ್ಕರೆ ಹೋಗುತ್ತಿತ್ತು. ಅದರ ಒಂದು ತುದಿ ಗ್ಲೂಕೋಸಿನಂತೆಯೇ ಇದೆ, ಕುಳಿಯಲ್ಲಿ ಕೂರುತ್ತದೆ. ಉಳಿದ ಬಾಲ ಬಾಗಿಲಲ್ಲಿ ಸಿಕ್ಕಿಕೊಂಡು ಮುಚ್ಚಲು ಬಿಡುವುದಿಲ್ಲ. ನಿಮ್ಮ ಬೊಗಸೆಯಲ್ಲಿ ನಿಂಬೆಹಣ್ಣಿನ ಬದಲು ಸೌಟು ಇಟ್ಟ ಹಾಗೆ. ಅದರ ಜಾಡು ಹಿಡಿದು ಮಾಡಿದ, ಸಕ್ಕರೆ ಕಾಯಿಲೆಗೆ ಕೊಡುವ ಡಾಪಾಗ್ಲಿಫ್ಲೋಜಿನ್‌ನಂತಹ ಮಾತ್ರೆಗಳನ್ನು ಈ ಸಭೆಯಲ್ಲೇ ಕೆಲವರು ಬೆಳಿಗ್ಗೆ ನುಂಗಿ ಬಂದಿರಬಹುದು. ಅವು ಮೂತ್ರಪಿಂಡದಲ್ಲಿರುವ ಸೋದರ ಪ್ರೋಟೀನಾದ ಎಸ್‌ಜಿಎಲ್‌ಟಿ 2ನ್ನು ತಡೆಯುತ್ತವೆ.

ಪೊಟ್ಟಣದ ಬಗ್ಗೆ ಒಂದು ಮಾತು ಖಾರವಾಗಿಯೇ ಹೇಳಬೇಕು. ಹಣ್ಣಿನ ರುಚಿಯ ಸಿಹಿ ಪಾನೀಯಗಳ ಡಬ್ಬಿಯ ಮೇಲೆ ಓಆರ್‌ಎಸ್ ಎಂದು ದಪ್ಪ ಅಕ್ಷರದಲ್ಲಿ ಬರೆದು ವರ್ಷಗಟ್ಟಲೆ ಮಾರಿದರು. ಸಕ್ಕರೆ ಹೆಚ್ಚು, ಸೋಡಿಯಂ ಕಡಿಮೆ. ಬೊಗಸೆಗಳು ತಿರುಗಿ ಮುಗಿಸಲಾಗದಷ್ಟು ಸಕ್ಕರೆ ಕರುಳಿನಲ್ಲಿ ಉಳಿದರೆ ಅದು ದೇಹದ ನೀರನ್ನೇ ಕರುಳಿಗೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ಇದರ ವಿರುದ್ಧ ಹಲವು ವರ್ಷ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಇಂತಹ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದೆಂದು ಆದೇಶಿಸಿತು. ಅಂಗಡಿಯಲ್ಲಿ ಕೊಳ್ಳುವಾಗ ಹಿಂಬದಿಯ ಸಣ್ಣ ಅಕ್ಷರ ಓದಿ, ನಾನು ಆಗಲೇ ಓದಿದ ಅಂಕಿಗಳೇ ಇರಬೇಕು.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎದ್ದು ಕೇಳಿದರು: ‘ನಮ್ಮ ಕಾಲದಲ್ಲಿ ಭೇದಿಯಾದರೆ ಗಂಜಿ ತಿಳಿಗೆ ಉಪ್ಪು ಹಾಕಿ ಕೊಡುತ್ತಿದ್ದೆವು. ಅದು ತಪ್ಪೇ ಸ್ವಾಮಿ?’ ತಪ್ಪಲ್ಲ, ತಾಯಿ. ಅಕ್ಕಿಯ ಪಿಷ್ಟ ಎಂದರೆ ಗ್ಲೂಕೋಸಿನ ಉದ್ದನೆಯ ಸರ. ಕರುಳಿನ ಕಿಣ್ವಗಳು ಅದನ್ನು ಒಂದೊಂದಾಗಿ ಬಿಡಿಸುತ್ತವೆ, ಬಿಡಿಸಿದ್ದನ್ನು ಪಕ್ಕದಲ್ಲೇ ಇರುವ ಎಸ್‌ಜಿಎಲ್‌ಟಿ 1 ಉಪ್ಪಿನ ಜೊತೆ ಎತ್ತಿಕೊಳ್ಳುತ್ತದೆ. ಅಕ್ಕಿಯಿಂದ ಮಾಡಿದ ಓಆರ್‌ಎಸ್ ಅನ್ನು ಕಾಲರಾ ರೋಗಿಗಳ ಮೇಲೆ ಪರೀಕ್ಷಿಸಿಯೂ ನೋಡಿದ್ದಾರೆ, ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಪೊಟ್ಟಣ ಸಿಗುವಾಗ ಪೊಟ್ಟಣವನ್ನೇ ಕೊಡಿ, ಅಳತೆ ಖಚಿತ. ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

‘ಚಮಚವೂ ಇಲ್ಲದಿದ್ದರೆ?’ ಎಂದರು ಅವರು. ಮಾಡಿದ್ದನ್ನು ಮಗುವಿಗೆ ಕೊಡುವ ಮುಂಚೆ ನೀವೊಮ್ಮೆ ನಾಲಿಗೆಗೆ ಹಾಕಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿರಬಾರದು ಎಂದೆ.